ಹತ್ತು ಇಪ್ಪತ್ತರ ಚೀಟಿ

"ಕೆಮ್ಮಿ," ಎಂದರು ಗಂಟಲಿನ ಡಾಕ್ಟರು.

ಮೈಕ್ ಅಕ್ಕ ಕೆಮ್ಮಿದಳು. ಕೆಮ್ಮು ದುಂಡಗೆ, ಗಟ್ಟಿಯಾಗಿ ಬಂತು. ಬಾಗಿಲಾಚೆ ಸಾಲಿನಲ್ಲಿ ಕೂತವರು ತಲೆಯೆತ್ತಿ ನೋಡಿರಬೇಕು.

"ಈಗ ‘ಆ’ ಅನ್ನಿ."

ಅವಳು ಬಾಯಿ ತೆರೆದಳು. ಬಂದದ್ದು ಬರೀ ಗಾಳಿ. ಸೈಕಲ್ ಟ್ಯೂಬಿನ ಪಿನ್ನು ಒತ್ತಿದರೆ ಬರುತ್ತದಲ್ಲ, ಅಂಥದ್ದು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಕೆಮ್ಮಿಗೆ ದನಿ ಇದೆ, ಮಾತಿಗಿಲ್ಲ. ಎರಡೂ ಹೊರಡೋದು ಒಂದೇ ಜಾಗದಿಂದ. ಕ್ಯಾಮೆರಾ ಹಾಕಿ ಎರಡು ಸಲ ನೋಡಿದ್ದೀನಿ. ಗಂಟಿಲ್ಲ, ಹುಣ್ಣಿಲ್ಲ, ನರ ಸೋತಿಲ್ಲ."

"ಹಾಗಾದ್ರೆ ನಾನು ನಾಟಕ ಆಡ್ತಿದ್ದೀನಾ?" ಎಂದು ಅವಳು ಪಿಸುಗುಟ್ಟಿದಳು. ಮೂರು ತಿಂಗಳಿಂದ ಅವಳ ಪಾಲಿಗೆ ಉಳಿದಿದ್ದು ಈ ಪಿಸುಮಾತೊಂದೇ.

"ನಾಟಕ ಆಗಿದ್ರೆ ಬೇಕಾದಾಗ ನಿಲ್ಲಿಸಬಹುದಿತ್ತು. ಇದು ಕಾಯಿಲೆನೇ. ಮನಸ್ಸು ಏನನ್ನೋ ಬಿಗಿಯಾಗಿ ಹಿಡ್ಕೊಂಡಿರುತ್ತೆ, ಅದರ ಜೊತೆ ಮೈನೂ ಹಿಡ್ಕೊಳ್ಳುತ್ತೆ. ಕೆಲವರಿಗೆ ಹೊಟ್ಟೆ, ಕೆಲವರಿಗೆ ಬೆನ್ನು, ನಿಮಗೆ ಗಂಟಲು. ದನಿ ಹೋಗೋಕೆ ಮುಂಚೆ ಏನಾದ್ರೂ ಆಗಿತ್ತಾ?"

"ಏನಿಲ್ಲ ಡಾಕ್ಟ್ರೇ."

ಡಾಕ್ಟರಮ್ಮ ಒಂದು ವ್ಯಾಯಾಮ ಹೇಳಿಕೊಟ್ಟರು. ಮೊದಲು ಕೆಮ್ಮಬೇಕು, ಕೆಮ್ಮಿನ ಬಾಲ ಹಿಡಿದು ‘ಮ್’ ಎನ್ನಬೇಕು, ಆ ‘ಮ್’ ಮುಗಿಯುವ ಮೊದಲೇ ಅದರ ಬೆನ್ನಿಗೆ ಒಂದು ಮಾತು ಹತ್ತಿಸಬೇಕು. ಮನಸ್ಸಿನ ಡಾಕ್ಟರಿಗೂ ಒಂದು ಚೀಟಿ ಬರೆದುಕೊಟ್ಟರು. ಅವಳು ಆ ಚೀಟಿಯನ್ನು ಓದದೆ ಚೀಲಕ್ಕೆ ಹಾಕಿಕೊಂಡಳು. ಚೀಟಿ ಓದದೆ ಇಟ್ಟುಕೊಳ್ಳುವುದು ಅವಳಿಗೆ ಹೊಸದೇನಲ್ಲ, ಅದೇ ಈ ಕತೆಯ ಗೋಳು.

ಬರುವ ಸೋಮವಾರ ಹನ್ನೊಂದು ಗಂಟೆಗೆ ಅವಳ ದನಿ ಪರೀಕ್ಷೆ. ಬಸ್ ನಿಲ್ದಾಣದ ದೊಡ್ಡ ಸಾಹೇಬರ ಮುಂದೆ ನಿಂತು ಒಂದು ಹಾಳೆ ಓದಬೇಕು. ಓದಿದರೆ ಮೈಕು ಅವಳದು. ಓದಲಾಗದಿದ್ದರೆ ಮೈಕಿನ ಜಾಗಕ್ಕೆ ಧ್ವನಿಮುದ್ರಿತ ಯಂತ್ರ ಬರುತ್ತದೆ, ಅವಳಿಗೆ ಯಾವ ಮೂಲೆ ಸಿಗುತ್ತದೋ ಗೊತ್ತಿಲ್ಲ.

ಹನ್ನೆರಡು ವರ್ಷ ಅವಳು ಆ ಮೈಕಿನ ಮುಂದೆ ಕೂತಿದ್ದಳು. ಮನೆಯಲ್ಲಿ ಒಂದು ಹೆಸರಿತ್ತು, ಸಂಬಳದ ಪಟ್ಟಿಯಲ್ಲಿ ಇನ್ನೊಂದಿತ್ತು, ಆದರೆ ಡ್ರೈವರು, ಕಂಡಕ್ಟರು, ಟೀ ಅಂಗಡಿಯವನು, ದಿನಾ ಬಸ್ಸಿಗೆ ಬರುವ ಜನ, ಎಲ್ಲರಿಗೂ ಅವಳು ಮೈಕ್ ಅಕ್ಕ. ಅವಳ ದನಿಗೆ ಹೆದರಿಕೆ ಕಳೆಯುವ ಗುಣವಿತ್ತು. ಬಸ್ಸು ತಪ್ಪಿಹೋಯಿತೇನೋ ಎಂದು ಗಂಟುಮೂಟೆ ಹೊತ್ತು ಏದುಸಿರು ಬಿಡುತ್ತ ಬಂದವರು ಆ ದನಿ ಕೇಳಿದ್ದೇ ನಿಂತು ಉಸಿರು ತಗೊಳ್ಳುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಸ್ವಲ್ಪ ಜಂಬವೂ ಇತ್ತು.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಮೈಕಿನ ಕೋಣೆಗೂ ಕಂಟ್ರೋಲರ್ ಕೋಣೆಗೂ ನಡುವೆ ಮರದ ಗೋಡೆ, ಗೋಡೆಯಲ್ಲಿ ಅಂಗೈಯಗಲದ ಕಿಂಡಿ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಎಂದು ಕಂಟ್ರೋಲರು ಚೀಟಿ ಬರೆದು ಕಿಂಡಿಯಲ್ಲಿ ತೂರಿಸುತ್ತಿದ್ದರು. ಅವಳು ಚೀಟಿ ಬಂದ ಸಮಯವನ್ನು ರಿಜಿಸ್ಟರಿನಲ್ಲಿ ಬರೆದು, ಚೀಟಿ ಓದಿ ಕೂಗಿ, ಮೇಜಿನ ಮೇಲಿನ ಉದ್ದನೆಯ ಸೂಜಿಗೆ ಚುಚ್ಚಬೇಕು. ಸಂಜೆ ಸೂಜಿಯ ಚೀಟಿಗಳೆಲ್ಲ ಕಸದ ಬುಟ್ಟಿಗೆ. ಉಳಿಯುವುದು ರಿಜಿಸ್ಟರು ಮಾತ್ರ, ಅದರಲ್ಲಿ ಇರುವುದು ಅವಳ ಕೈಬರಹ ಮಾತ್ರ.

ಹನ್ನೆರಡು ವರ್ಷದಲ್ಲಿ ಬಸ್ಸುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಬಂದರಿಗೆ ಹೋಗುವ ಹತ್ತು ನಲವತ್ತರ ಬಸ್ಸು ನಾಲ್ಕನೇ ಪ್ಲಾಟ್‌ಫಾರ್ಮು. ಅದರಲ್ಲಿ ನೋಡುವುದೇನಿದೆ? ಚೀಟಿ ಬಂದರೆ ಕಣ್ಣೂ ಹಾಯಿಸದೆ ಸೂಜಿಗೆ ಚುಚ್ಚುತ್ತಿದ್ದಳು, ರಿಜಿಸ್ಟರನ್ನು ಬಿಡುವಾದಾಗ ಒಟ್ಟಿಗೆ ತುಂಬುತ್ತಿದ್ದಳು. ಅಂದು ಹತ್ತು ಇಪ್ಪತ್ತಕ್ಕೆ ಕಿಂಡಿಯಲ್ಲಿ ಬಂದ ಚೀಟಿಯನ್ನೂ ಹಾಗೇ ಚುಚ್ಚಿದಳು. ನಾಲ್ಕರಲ್ಲಿ ಡಾಂಬರು ಕಿತ್ತುಹೋಗಿದೆ, ಬಂದರಿನ ಬಸ್ಸು ಇವತ್ತು ಒಂದಕ್ಕೆ ಬರುತ್ತದೆ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಇವಳು ಸಕ್ಕರೆಯಂಥ ದನಿಯಲ್ಲಿ ನಾಲ್ಕು ಎಂದು ಕೂಗಿದಳು. ಜನ ನಾಲ್ಕರಲ್ಲಿ ಸೇರಿದರು. ಬಸ್ಸು ಒಂದರಲ್ಲಿ ಬಂದು ನಿಂತದ್ದನ್ನು ಕಿಟಕಿಯಿಂದ ಕಂಡವಳೇ, ಹಿಂದುಮುಂದು ನೋಡದೆ, "ದಯವಿಟ್ಟು ಗಮನಿಸಿ, ಒಂದನೇ ಪ್ಲಾಟ್‌ಫಾರ್ಮು" ಎಂದುಬಿಟ್ಟಳು. ಅರವತ್ತು ಜನ ಬಸ್ಸು ಓಡಾಡುವ ದಾರಿಗೆ ಅಡ್ಡವಾಗಿ ಓಡಿದರು. ಹೊಲಿಗೆ ಕೆಲಸದ ಹೆಂಗಸೊಬ್ಬಳು ಮುಗ್ಗರಿಸಿ ಬಿದ್ದಳು. ಹಿಂದಕ್ಕೆ ಬರುತ್ತಿದ್ದ ಇನ್ನೊಂದು ಬಸ್ಸು ಅವಳ ಕಾಲಿನ ಮೇಲೆ ಹರಿಯಿತು.

ಹೊರಗೆ ಕೂಗಾಟ ಶುರುವಾದಾಗ ಸೂಜಿಯ ಚೀಟಿ ನೋಡಿದ ಮೈಕ್ ಅಕ್ಕನ ಕೈ ಪೆನ್ನು ಹಿಡಿಯಿತು. ಚೀಟಿ ಬಂದ ಸಮಯ ಎಂಬ ಖಾಲಿ ಜಾಗದಲ್ಲಿ 10:38 ಎಂದು ಬರೆಯಿತು. ಯೋಚಿಸಿ ಬರೆದಳೆಂದು ಹೇಳಿದರೆ ಅನ್ಯಾಯವಾದೀತು, ಯೋಚಿಸದೆ ಬರೆದಳೆಂದರೆ ಅದೂ ಸುಳ್ಳು. ಸಂಜೆ ಚೀಟಿಗಳು ಬುಟ್ಟಿಗೆ ಹೋದವು.

ಒಂದು ತಿಂಗಳು ವಿಚಾರಣೆ ನಡೆಯಿತು. ರಿಜಿಸ್ಟರು ನೋಡಿದರು. ಬಸ್ಸು ಹೊರಡಲು ಎರಡು ನಿಮಿಷವಿದ್ದಾಗ ಚೀಟಿ ಕೊಟ್ಟದ್ದು ಕಂಟ್ರೋಲರ ತಪ್ಪು ಎಂದು ತೀರ್ಮಾನವಾಯಿತು. ನಿವೃತ್ತಿಗೆ ಒಂದು ವರ್ಷವಿದ್ದ ಮನುಷ್ಯನನ್ನು ಡಿಪೋದ ಟೈರ್ ಗೋದಾಮಿಗೆ ಹಾಕಿದರು. ಆರ್ಡರು ಬಂದ ಮಾರನೆಯ ಬೆಳಗ್ಗೆ, ಹತ್ತು ನಲವತ್ತರ ಬಸ್ಸನ್ನು ಕೂಗಲು ಮೈಕಿನ ಗುಂಡಿ ಒತ್ತಿದಾಗ, ಅವಳ ದನಿ ಕೈಕೊಟ್ಟಿತು.

ಕಾಲು ಮುರಿದವಳನ್ನು ನೋಡಲು ಅವಳು ಹಣ್ಣು ತಗೊಂಡು ಹೋಗಿದ್ದಳು. ಆಕೆ, "ನೀವ್ಯಾಕೆ ಅಳ್ತೀರಿ, ನಿಮ್ಮದೇನು ತಪ್ಪು, ಚೀಟಿ ತಡವಾಯ್ತಂತಲ್ಲ" ಎಂದು ಇವಳನ್ನೇ ಸಮಾಧಾನ ಮಾಡಿ ಕಳಿಸಿದ್ದಳು. ಈಗ ಕೋಲೂರಿ ನಡೆಯುತ್ತಾಳಂತೆ.

ಡಾಕ್ಟರ ಕೋಣೆಯಿಂದ ಹೊರಬಂದ ಮೈಕ್ ಅಕ್ಕ ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಯಾರೋ "ಅಮ್ಮಾ" ಎಂದರು. ತಿರುಗಿ ನೋಡಿದರೆ ಕಂಟ್ರೋಲರು. ನೌಕರರ ಆಸ್ಪತ್ರೆ, ಇಬ್ಬರೂ ನೌಕರರು, ಸಿಗಬಾರದೆಂದೇನಿಲ್ಲ. ಆದರೆ ಅಂಗಿಯೊಳಗೆ ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಮಡಿಲಲ್ಲಿ ದಪ್ಪನೆಯ ಕಡತ. ಅವರು ಕೂತಿದ್ದದ್ದು ಮೆದುಳಿನ ಡಾಕ್ಟರ ಬಾಗಿಲ ಮುಂದೆ.

"ದನಿ ಬಂತೇನಮ್ಮಾ?"

ಅವಳು ತಲೆಯಾಡಿಸಿದಳು, ಇಲ್ಲ ಎಂದು.

"ಬರುತ್ತೆ ಬಿಡು. ನೀನಿಲ್ದೆ ಸ್ಟ್ಯಾಂಡು ಸತ್ತ ಮನೆ ಆಗಿದೆಯಂತೆ." ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು, ಗಡಿಯಾರ ನೋಡಿದರು, ಬರೆದರು, ಅವಳಿಗೂ ತೋರಿಸಿದರು. ಮೈಕ್ ಅಕ್ಕ ಸಿಕ್ಕಳು, 11:05. "ಈಗ ಎಲ್ಲಾ ಬರೆದಿಟ್ಕೋತೀನಿ. ನನ್ನ ತಲೆ ನಂಬೋ ಹಾಗಿಲ್ಲ ನೋಡು."

ನರ್ಸು ಕರೆದಳು, ಅವರು ಎದ್ದು ಒಳಗೆ ಹೋದರು. ಹೆಂಡತಿ ಅವಳನ್ನು ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ಆ ಚೀಟಿ ತಡ ಮಾಡಿದ್ದು ಇವರಿಗೆ ನೆನಪೇ ಇಲ್ಲ ಕಣಮ್ಮಾ. ಬೇಗ ಕೊಟ್ಟೆ ಅಂತ್ಲೇ ತಲೇಲಿತ್ತಂತೆ. ರಿಜಿಸ್ಟರು ತೋರಿಸಿದ ಮೇಲೆ, ನನಗೆ ಮರೆವು ಶುರುವಾಗಿದೆ ಅಂತ ಹಿಡ್ಕೊಂಡ್ರು. ನಿದ್ದೆ ಇಲ್ಲ, ಊಟ ಇಲ್ಲ, ಹತ್ತು ಕೆಜಿ ಇಳಿದಿದ್ದಾರೆ. ಬೀಗ ಹಾಕಿ ಮೂರು ಸಲ ಎಳೆದು ನೋಡ್ತಾರೆ. ಸ್ಕ್ಯಾನಿಂಗ್ ಆಯ್ತು, ಪರೀಕ್ಷೆ ಆಯ್ತು, ಡಾಕ್ಟ್ರು ಎಲ್ಲಾ ಸರಿ ಇದೆ ಅಂತಾರೆ. ಹಾಗಾದ್ರೆ ಚೀಟಿ ಯಾಕೆ ತಡ ಆಯ್ತು ಅಂತ ಇವರು ಡಾಕ್ಟ್ರನ್ನೇ ಕೇಳ್ತಾರೆ."

ಮೈಕ್ ಅಕ್ಕ ಅವರ ಮಡಿಲಿನ ಕಡತ ನೋಡಿದಳು.

"ಮಗಳಿಗೆ ಹೆರಿಗೆ ಆಗಿ ಎರಡು ತಿಂಗಳಾಯ್ತು, ನಮ್ಮನೇಲೇ ಇದ್ದಾಳೆ. ಮೊದಲನೇ ಮೊಮ್ಮಗು. ಒಂದು ಸಲಾನೂ ಎತ್ಕೊಂಡಿಲ್ಲ. ಎಲ್ಲಾದ್ರೂ ಮಲಗಿಸಿ ಮರೆತುಬಿಟ್ರೆ ಅಂತ ಹೆದರಿಕೆ. ದೂರದಲ್ಲೇ ನಿಂತ್ಕೊಂಡು ನೋಡ್ತಾರೆ."

ಹೇಳಬೇಕಾಗಿದ್ದದ್ದು ಆಗಲೇ. ಅವಳ ತುಟಿ ಅಲುಗಿತು, ಗಾಳಿಯೂ ಹೊರಡಲಿಲ್ಲ. ಎದ್ದು, ಬಸ್ಸಿಗೆ ಹೊತ್ತಾಯಿತೆಂದು ಕೈಸನ್ನೆ ಮಾಡಿ, ಹೆಚ್ಚು ಕಡಿಮೆ ಓಡಿಯೇ ಹೊರಟಳು.

ಅವಳ ಗಂಡ ಬೀಗ ರಿಪೇರಿಯವನು. ಊರವರ ಬೀಗವೆಲ್ಲ ತೆಗೀತೀನಿ, ಹೆಂಡತಿ ಗಂಟಲಿನ ಬೀಗಕ್ಕೆ ಮಾತ್ರ ಕೀ ಸಿಗ್ತಿಲ್ಲ ಎಂದು ಅಂಗಡಿಗೆ ಬಂದವರ ಹತ್ತಿರ ನಗೆಯಾಡುತ್ತಿದ್ದ. ಮನೆಗೆ ಬಂದರೆ ನಗೆ ಇರುತ್ತಿರಲಿಲ್ಲ, ಸೋಮವಾರಕ್ಕೆ ಎಷ್ಟು ದಿನ ಎಂದು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. ಬಿಸಿನೀರು, ಜೇನು, ಹಬೆ, ಒಂದನ್ನೂ ಬಿಟ್ಟಿರಲಿಲ್ಲ ಪಾಪ.

ಅತ್ತೆಗೆ ಮಾತ್ರ ಸೊಸೆಯ ದನಿ ಹೋದದ್ದರಿಂದ ಏನೂ ನಷ್ಟವಾಗಿರಲಿಲ್ಲ. ಆಕೆಗೆ ಹದಿನೈದು ವರ್ಷದಿಂದ ಕಿವಿ ಕೇಳಿಸದು, ತುಟಿ ನೋಡಿಯೇ ಎಲ್ಲ ತಿಳಿಯುವುದು. ಇಡೀ ಮನೆಯಲ್ಲಿ ಸೊಸೆಯೊಡನೆ ಮೊದಲಿನಂತೆಯೇ ಮಾತಾಡುತ್ತಿದ್ದವಳು ಅವಳೊಬ್ಬಳೇ. ಭಾನುವಾರ ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಸೊಸೆ ನಡುನಡುವೆ ಕೆಮ್ಮಿ ‘ಮ್’ ಎನ್ನಲು ನೋಡುತ್ತಿದ್ದಳು. ‘ಮ್’ ಬರುತ್ತಿತ್ತು. ಅದರ ಬೆನ್ನಿಗೆ ಮಾತು ಹತ್ತಿಸಲು ಹೋದರೆ ಗಂಟಲು ಮುಷ್ಟಿ ಕಟ್ಟುತ್ತಿತ್ತು.

ಅತ್ತೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಕಿವಿ ಹೋದ ಮೇಲೆ ನಾನು ಜನರ ಮುಖ ಕುತ್ತಿಗೆ ನೋಡ್ಕೊಂಡೇ ಬದುಕಿರೋದು. ಮಾತಾಡೋಕಾಗದವರ ಕುತ್ತಿಗೆ ಹೇಗಿರುತ್ತೆ ಅಂತ ನನಗೆ ಗೊತ್ತು, ನಿಮ್ಮ ಮಾವ ಕೊನೇಲಿ ಹಾಗಿದ್ರು. ನಿನ್ನದು ಹಾಗಿಲ್ಲ. ನರ ಹಗ್ಗದ ಹಾಗೆ ಎದ್ದು ನಿಂತಿದೆ. ನೀನು ಮಾತಾಡೋಕೆ ಒದ್ದಾಡ್ತಿಲ್ಲ ಕಣೇ, ತಡೆಯೋಕೆ ಒದ್ದಾಡ್ತಿದ್ದೀಯ."

ಸೊಸೆ ಇನ್ನೊಂದು ಅವರೆಕಾಯಿ ಎತ್ತಿಕೊಂಡಳು.

"ಏನನ್ನ ತಡೀತಿದ್ದೀಯ ಅಂತ ನಾನು ಕೇಳಲ್ಲ. ನನಗೆ ಹೇಳಬೇಕಾದ್ದಲ್ಲ ಅನ್ಸುತ್ತೆ. ಯಾರಿಗೆ ಹೇಳಬೇಕೋ ಅವರಿಗೆ ಹೇಳು."

ಸೋಮವಾರ ಬೆಳಗ್ಗೆ ಗಂಡ ಸ್ಕೂಟರು ಒರೆಸಿ ನಿಲ್ಲಿಸಿದ್ದ. ಅವಳು ಬೇಡವೆಂದು ಪಿಸುಗುಟ್ಟಿ ಒಬ್ಬಳೇ ಹೊರಟಳು. ನಿಲ್ದಾಣಕ್ಕೆ ಎರಡು ಸ್ಟಾಪು ಮೊದಲೇ, ಡಿಪೋದ ಗೇಟಿನ ಮುಂದೆ ಇಳಿದಳು. ಗಂಟೆ ಹತ್ತಾಗಿತ್ತು.

ಟೈರ್ ಗೋದಾಮು ತಗಡಿನ ಶೆಡ್ಡು. ರಬ್ಬರಿನ ಕಮಟು, ಆಳೆತ್ತರದ ಟೈರುಗಳ ಸಾಲು. ಮೂಲೆಯಲ್ಲಿ ಗಾಳಿ ತುಂಬುವ ಕಂಪ್ರೆಸರು ತಗಡು ನಡುಗುವ ಹಾಗೆ ಬಡಿದುಕೊಳ್ಳುತ್ತಿತ್ತು. ಕಂಟ್ರೋಲರು ಟೈರುಗಳ ನಂಬರು ಓದಿ ಬರೆದುಕೊಳ್ಳುತ್ತಿದ್ದರು, ಓದಿದ್ದನ್ನೇ ತಿರುಗಿ ಓದುತ್ತಿದ್ದರು. ಅವಳನ್ನು ಕಂಡು ಮುಖ ಅರಳಿತು. ಆ ಅರಳಿದ ಮುಖ ನೋಡಿ ಅವಳಿಗೆ ವಾಪಸ್ಸು ಹೋಗಿಬಿಡೋಣ ಎನಿಸಿತು.

"ಅಣ್ಣ, ಆ ಚೀಟಿ ತಡವಾಗಿರಲಿಲ್ಲ," ಎಂದು ಪಿಸುಗುಟ್ಟಿದಳು.

"ಏನಮ್ಮಾ?" ಅವರು ಕಿವಿಗೆ ಅಂಗೈ ಹಿಡಿದರು. ಕಂಪ್ರೆಸರಿನ ಮುಂದೆ ಪಿಸುಮಾತಿನ ಆಟ ನಡೆಯುವ ಹಾಗಿರಲಿಲ್ಲ.

ಅವಳು ಇನ್ನೊಮ್ಮೆ ಹೇಳಿದಳು. ಅವರು ನಕ್ಕು, ಕೇಳಿಸಲಿಲ್ಲವೆಂದು ಕೈಯಾಡಿಸಿದರು. ಕುತ್ತಿಗೆಯ ನರ ಎದ್ದು ನಿಂತದ್ದು ಈಗ ಅವಳಿಗೇ ತಿಳಿಯಿತು. ತಡೆಯುತ್ತಿದ್ದೀಯ, ಎಂದಿದ್ದಳು ಅತ್ತೆ. ಅವಳು ಕೆಮ್ಮಿದಳು. ಕೆಮ್ಮಿನ ಬಾಲ ಹಿಡಿದು ‘ಮ್’ ಎಂದಳು. ‘ಮ್’ ಮುಗಿಯುವ ಮೊದಲೇ ಕಣ್ಣು ಮುಚ್ಚಿಕೊಂಡು ಮಾತನ್ನು ಮುಂದಕ್ಕೆ ತಳ್ಳಿದಳು.

"ಹತ್ತು ಇಪ್ಪತ್ತಕ್ಕೆ ಬಂತು, ಅಣ್ಣ. ನಾನು ಓದಲಿಲ್ಲ. ಹತ್ತು ಮೂವತ್ತೆಂಟು ಅಂತ ನಾನೇ ಸುಳ್ಳು ಬರೆದೆ."

ಶೆಡ್ಡಿನ ಆ ತುದಿಯಲ್ಲಿ ಟೈರು ಉರುಳಿಸುತ್ತಿದ್ದ ಇಬ್ಬರು ಹಾಗೇ ನಿಂತುಬಿಟ್ಟರು. ಮೂರು ತಿಂಗಳು ಒಳಗೇ ಕೂತಿದ್ದ ದನಿ, ಸ್ವಲ್ಪ ಒರಟಾಗಿ, ಆದರೆ ಪೂರ್ತಿಯಾಗಿ ಬಂದಿತ್ತು. ಬಸ್ಸು ಕೂಗುವ ಅದೇ ದನಿ.

ಕಂಟ್ರೋಲರು ಹೋಗಿ ಕಂಪ್ರೆಸರಿನ ಗುಂಡಿ ಆರಿಸಿ ಬಂದರು. "ಇನ್ನೊಂದ್ಸಲ ಹೇಳು. ಎಷ್ಟು ಗಂಟೆಗೆ?"

"ಹತ್ತು ಇಪ್ಪತ್ತು."

ಅವರು ಪುಸ್ತಕ ತೆಗೆದು 10:20 ಎಂದು ಬರೆದುಕೊಂಡರು. ಮಲಗಿಸಿದ್ದ ಟೈರಿನ ಮೇಲೆ ಕೂತರು. ಅವಳು ಕಾಲು ಹಿಡಿಯಲು ಬಗ್ಗಿದಾಗ ಕಾಲು ಹಿಂದಕ್ಕೆಳೆದುಕೊಂಡರು.

"ನನ್ನ ತಲೆ ಸರಿ ಇತ್ತು," ಎಂದರು ಕಡೆಗೆ. ಅವಳಿಗಲ್ಲ, ತಮಗೇ. ಆಮೇಲೆ ಅವಳ ಕಡೆ ತಿರುಗಿದರು. "ನಾಲ್ಕು ತಿಂಗಳು. ನನಗೆ ಹುಚ್ಚು ಹಿಡಿಸ್ಬಿಟ್ಟಿದ್ದೆಯಲ್ಲೇ ನೀನು. ಆಸ್ಪತ್ರೇಲಿ ನನ್ನ ನೋಡ್ದಾಗಾದ್ರೂ ಹೇಳಬಾರದಾಗಿತ್ತಾ?"

"ಹೇಳೋಕಾಗಲಿಲ್ಲ ಅಣ್ಣ."

"ಈಗ ಹೋಗು. ನಿನ್ನ ಮುಖ ನೋಡೋಕಾಗ್ತಿಲ್ಲ. ನನಗೆ ಹೇಳಿದ್ರೆ ಸಾಲದು, ಆರ್ಡರು ಬರೆದವರ ಮುಂದೆ ಹೇಳು."

ನಿಲ್ದಾಣದ ತನಕ ಅವಳು ನಡೆದೇ ಹೋದಳು. ದಾರಿಯುದ್ದಕ್ಕೂ ಬಾಯೊಳಗೇ ಸಣ್ಣಗೆ ಒಂದು, ಎರಡು, ಮೂರು ಎಂದು ಎಣಿಸಿ ದನಿ ಇದೆಯೇ ಎಂದು ನೋಡಿಕೊಂಡಳು. ಇತ್ತು. ಅದರ ಜೊತೆಗೇ ಒಂದು ಕೆಟ್ಟ ಯೋಚನೆಯೂ ಹೆಜ್ಜೆ ಹಾಕುತ್ತ ಬಂತು. ದನಿ ಬಂದಾಯಿತು. ಹೇಳಬೇಕಾದವರಿಗೆ ಹೇಳಿಯೂ ಆಯಿತು. ಈಗ ಹಾಳೆ ಓದಿ ಸುಮ್ಮನೆ ಬಂದುಬಿಟ್ಟರೆ? ಮರೆವಿನ ಕಡತ ಹಿಡಿದು ಆಸ್ಪತ್ರೆ ಸುತ್ತಿದ ಮನುಷ್ಯ ತನ್ನ ಪುಸ್ತಕ ತೋರಿಸಿದರೆ ಯಾರು ನಂಬುತ್ತಾರೆ?

ದೊಡ್ಡ ಸಾಹೇಬರು ಹಾಳೆ ಕೊಟ್ಟರು. ಮೊದಲನೇ ಸಾಲೇ ಬಂದರಿಗೆ ಹೋಗುವ ಹತ್ತು ನಲವತ್ತರ ಬಸ್ಸು. ಅವಳು ಒಂದೇ ಉಸಿರಿಗೆ ಕೊನೆಯ ತನಕ ಓದಿದಳು. ಬೆಣ್ಣೆಯಂಥ ದನಿ. ಸಾಹೇಬರು ಕುರ್ಚಿಗೊರಗಿ, "ಶಭಾಷ್, ಯಂತ್ರದ ಖರ್ಚು ಉಳಿಸಿದ್ರಿ" ಎಂದು ನಕ್ಕು ಫೈಲಿನಲ್ಲಿ ‘ದನಿ ಸರಿಯಿದೆ’ ಎಂದು ಬರೆದು ಸಹಿ ಹಾಕಿದರು. "ನಾಳೆಯಿಂದ ಬಂದುಬಿಡಿ."

ಥ್ಯಾಂಕ್ಸ್ ಸಾರ್ ಎನ್ನಲು ಬಾಯಿ ತೆರೆದಳು. ಗಂಟಲಿನ ಬುಡದಲ್ಲಿ ಆ ಹಳೆಯ ಮುಷ್ಟಿ ಒಂದೊಂದೇ ಬೆರಳು ಮಡಿಸತೊಡಗಿತು. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮೈಕು ಹೋಗುವುದಕ್ಕಿಂತ ಹೆಚ್ಚಿನ ಹೆದರಿಕೆ, ಈ ಮುಷ್ಟಿಯನ್ನು ಸಾಯುವ ತನಕ ಹೊತ್ತು ತಿರುಗುವ ಹೆದರಿಕೆ. ಅದು ಪೂರ್ತಿ ಮುಚ್ಚಿಕೊಳ್ಳುವ ಮೊದಲೇ ಹೇಳಿಬಿಡಬೇಕಾಗಿತ್ತು.

"ಸಾರ್, ಆ ರಿಜಿಸ್ಟರು ತರಿಸಿ," ಎಂದಳು.

ಅವಳು ಹೇಳಿ ಮುಗಿಸುವ ತನಕ ಸಾಹೇಬರ ಪೆನ್ನಿನ ಮುಚ್ಚಳ ಕೈಯಲ್ಲೇ ಇತ್ತು. ಅವರು ಎರಡನೇ ಹಾಳೆ ಎಳೆದುಕೊಂಡರು. ದನಿ ಸರಿಯಿದೆ ಎಂಬ ಹಾಳೆಯ ಮೇಲೆ, ಮೈಕಿನ ಕೆಲಸದಿಂದ ತೆಗೆಯಲಾಗಿದೆ ಎಂಬ ಹಾಳೆಯನ್ನು ಒಂದೇ ಪಿನ್ನಿನಲ್ಲಿ ಸೇರಿಸಿದರು. ಅವಳು ಹೊರಗೆ ಬಂದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಅತ್ತಳು. ಅಳುವಿಗೂ ದನಿಯಿತ್ತು. ಟೀ ಅಂಗಡಿಯವನು ಏನೂ ಕೇಳದೆ ಒಂದು ಲೋಟ ಟೀ ತಂದು ಪಕ್ಕದಲ್ಲಿಟ್ಟು ಹೋದ.

ವಿಷಯ ತಿಳಿದ ಗಂಡ ಎರಡು ದಿನ ಮಾತು ಬಿಟ್ಟ. ಅತ್ತೆ ಸೊಸೆಯ ಕುತ್ತಿಗೆಯನ್ನೊಮ್ಮೆ ನೋಡಿ, ಇಳಿದಿದೆ, ಎಂದಷ್ಟೇ ಹೇಳಿ ಊಟಕ್ಕೆ ಬಡಿಸಿದಳು.

ಈಗ ಮೈಕ್ ಅಕ್ಕ ಇರುವುದು ಕಳೆದ ಸಾಮಾನುಗಳ ಕೋಣೆಯಲ್ಲಿ. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಯಾರದೋ ಹಲ್ಲಿನ ಸೆಟ್ಟು. ಮೈಕಿನಲ್ಲಿ ಹೊಸ ಹುಡುಗಿಯೊಬ್ಬಳು ಕೂಗುತ್ತಾಳೆ, ಮೂಗಿನಲ್ಲಿ. ಹತ್ತು ನಲವತ್ತರ ಹೊತ್ತಿಗೆ ಇವಳು ಎದ್ದು ಕಿಟಕಿ ಮುಚ್ಚುತ್ತಾಳೆ. ಹೆಸರು ಮಾತ್ರ ಬದಲಾಗಿಲ್ಲ. ಕೊಡೆ ಹುಡುಕಿಕೊಂಡು ಬರುವವರೂ ಮೈಕ್ ಅಕ್ಕ ಎಂದೇ ಕರೆಯುತ್ತಾರೆ, ಕರೆದಾಗಲೆಲ್ಲ ಚುಚ್ಚುತ್ತದೆ.

ಕಂಟ್ರೋಲರನ್ನು ಅವರ ಹಳೆಯ ಕುರ್ಚಿಗೆ ವಾಪಸ್ಸು ಕರೆದರು. ದಿನಾ ಅವಳ ಬಾಗಿಲ ಮುಂದೆಯೇ ಹಾದುಹೋಗುತ್ತಾರೆ, ಒಳಗೆ ನೋಡುವುದಿಲ್ಲ. ಅವಳು ಎದ್ದು ನಿಲ್ಲುತ್ತಾಳೆ, ಕೂರುತ್ತಾಳೆ. ಹೀಗೇ ಒಂದು ತಿಂಗಳು ಕಳೆಯಿತು.

ಮೊನ್ನೆ ಬೆಳಗ್ಗೆ ಅವಳು ಒಂದು ಕೊಡೆಗೆ ನಂಬರು ಕಟ್ಟುತ್ತಿದ್ದಾಗ, ಬಾಗಿಲಿನಾಚೆಯಿಂದ ಒಂದು ಕೈ ಬಂದು ಮೇಜಿನ ಮೇಲೆ ಮಡಿಸಿದ ಚೀಟಿ ಇಟ್ಟಿತು. ಅವಳು ತಲೆಯೆತ್ತುವಷ್ಟರಲ್ಲಿ ಅವರು ಮುಂದೆ ಹೋಗಿಯಾಗಿತ್ತು. ಕಿಂಡಿಯಲ್ಲಿ ಬರುತ್ತಿದ್ದಂಥದೇ ಚೀಟಿ, ಅದೇ ದಪ್ಪಕ್ಷರ.

ಮೊಮ್ಮಗುವನ್ನು ಎತ್ತಿಕೊಂಡೆ. ನಿನ್ನೆ ಸಂಜೆ, 4:10.

ಅವಳು ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಈ ಕೋಣೆಯ ಮೇಜಿನ ಮೇಲೂ ಒಂದು ಸೂಜಿ ಇದೆ. ಅವಳು ಅದಕ್ಕೆ ಚುಚ್ಚಲಿಲ್ಲ. ರಿಜಿಸ್ಟರು ತೆಗೆದು, ಚೀಟಿ ಬಂದ ಸಮಯವನ್ನು ಗಡಿಯಾರ ನೋಡಿ ಬರೆದಳು.